ಬ್ರಾಡ್‌ಬ್ಯಾಂಡ್ ಹಾಕಿಕೊಟ್ಟವರು ಪಾಸ್‌ವರ್ಡನ್ನೂ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಕೊಡಲು ಬರುವವರು ಹೊರಡುವ ಮುಂಚೆ ಒಂದು ಚೀಟಿ ಬರೆದು ಮನೆಯವರ ಕೈಗೆ ಕೊಡಬೇಕು. ಲೈನಿನ ಯೂಸರ್ ಐಡಿ, ಅದರ ಪಾಸ್‌ವರ್ಡ್, ಮೋಡೆಮ್ ಒಳಗೆ ಹೋಗುವ ವಿಳಾಸ, ಅದಕ್ಕೆ ಕೇಳುವ ಪಾಸ್‌ವರ್ಡ್. ಇಷ್ಟೇ ನನ್ನ ಬೇಡಿಕೆ. ಇಷ್ಟಕ್ಕೆ ಇಷ್ಟುದ್ದದ ಪತ್ರ ಯಾಕೆ ಅಂತ ನಿಮಗೆ ಅನ್ನಿಸಬಹುದು. ಆ ಚೀಟಿ ಇಲ್ಲದೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದುಡ್ಡು ಕೊಟ್ಟು ತಂದ ಹೊಸ ವೈಫೈ ರೂಟರ್ ಡಬ್ಬಿಯಲ್ಲೇ ಉಳಿದಿದೆ. ಅದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಸುತ್ತಲಿನ ಮನೆಯವರು ಈಗಲೂ ‘ಅಕ್ಕೋರೇ, ಇದೊಂದು ಸ್ವಲ್ಪ ನೋಡಿ’ ಅಂತ ಕರೆಯುತ್ತಾರೆ. ಮೊದಲೆಲ್ಲ ಮಕ್ಕಳ ಲೆಕ್ಕ, ಬ್ಯಾಂಕಿನ ಫಾರಂ. ಈಗ ಜಾಸ್ತಿ ಕರೆಯುವುದು ಇಂಟರ್‌ನೆಟ್ ಡಬ್ಬಿ ನೋಡಲು.

ನಮ್ಮ ಕಡೆಯ ಮನೆ ಹೇಗಿರುತ್ತದೆ ಎಂದು ಪೇಟೆಯ ಓದುಗರಿಗೆ ಹೇಳಬೇಕು. ಮುಂದೆ ಜಗಲಿ, ಹಿಂದೆ ಉದ್ದಕ್ಕೆ ಕೋಣೆಗಳು, ಮೇಲೆ ಉಪ್ಪರಿಗೆ. ಗೋಡೆ ಜಂಬಿಟ್ಟಿಗೆಯದ್ದು, ಇಲ್ಲವೇ ದಪ್ಪ ಮಣ್ಣಿನದ್ದು. ಫೋನಿನ ತಂತಿ ಆಗಲಿ, ಈಗಿನ ಫೈಬರ್ ಆಗಲಿ, ಬರುವುದು ಜಗಲಿಗೆ. ಮೋಡೆಮ್ ಅಲ್ಲೇ ಕೂರುತ್ತದೆ. 2020ರ ನಂತರ ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುವ ಮಕ್ಕಳು, ಸೊಸೆಯಂದಿರು ಕೂರುವುದು ಉಪ್ಪರಿಗೆಯಲ್ಲಿ. ನಡುವೆ ಎರಡು ಗೋಡೆ, ಒಂದು ಅಟ್ಟ. ಜಗಲಿಯ ವೈಫೈ ಅಲ್ಲಿಗೆ ತಲುಪುವ ಹೊತ್ತಿಗೆ ಸೊರಗಿರುತ್ತದೆ. ಮೀಟಿಂಗ್ ಮಧ್ಯೆ ಮಾತು ಕಡಿದು ಹೋಗುತ್ತದೆ. ಲೈನು ಚೆನ್ನಾಗಿಯೇ ಇರುತ್ತದೆ, ತೊಂದರೆ ಇರುವುದು ಮನೆಯೊಳಗಿನ ಆ ಇಪ್ಪತ್ತು ಮೂವತ್ತು ಅಡಿಯಲ್ಲಿ. ಅದಕ್ಕೇ ಜನ ಇನ್ನೊಂದು ರೂಟರ್ ತರುತ್ತಾರೆ. ತಂದಿದ್ದು ಸರಿ. ಅದನ್ನು ಹಳೆಯ ಮೋಡೆಮ್‌ಗೆ ಸೇರಿಸುವುದು ಹೇಗೆಂದು ಹೇಳುವವರು ಮಾತ್ರ ಯಾರೂ ಇಲ್ಲ.

ನಮ್ಮ ನೆರೆಮನೆಯ ಉದಾಹರಣೆ ಹೇಳುತ್ತೇನೆ. ಅಲ್ಲಿನ ಸೊಸೆಗೆ ಕಂಪನಿ ಕೆಲಸ. ಮಗ ಒಳ್ಳೆಯ ರೂಟರ್ ಆರ್ಡರ್ ಮಾಡಿ ಕಳಿಸಿದ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಹಲವು ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಮನೆಯ ಯಜಮಾನರು ಲೈನ್ ಕೊಟ್ಟ ಕಂಪನಿಯ ಆಫೀಸಿಗೆ ಫೋನ್ ಮಾಡಿದರು. ಬಂದ ಉತ್ತರ: ‘ಪಾಸ್‌ವರ್ಡ್ ನಮ್ಮ ಹುಡುಗನ ಹತ್ರ ಇತ್ತು, ಅವನು ಕೆಲಸ ಬಿಟ್ಟಿದ್ದಾನೆ. ನೀವೇ ಏನೂ ಮುಟ್ಟಬೇಡಿ ಸಾರ್, ಲೈನ್ ಹಾಳಾಗತ್ತೆ.’ ಬೇರೆ ಹುಡುಗನನ್ನು ಕಳಿಸಬೇಕಾದರೆ ಐನೂರು ರೂಪಾಯಿ ಅಂದರು. ದುಡ್ಡು ಕೊಡುತ್ತೇವೆ ಎಂದ ಮೇಲೂ ವಾರಗಟ್ಟಲೆ ಯಾರೂ ಬರಲಿಲ್ಲ. ಆ ಹುಡುಗಿ ಅಲ್ಲಿಯವರೆಗೆ ಜಗಲಿಯಲ್ಲಿ, ಬಂದು ಹೋಗುವವರ ಮಧ್ಯೆ ಕುಳಿತು ಕೆಲಸ ಮಾಡಿದಳು.

‘ಲೈನ್ ಹಾಳಾಗತ್ತೆ’ ಎಂಬ ಮಾತು ಸುಳ್ಳು. ಇದನ್ನು ನಿಮ್ಮ ಓದುಗರೆಲ್ಲ ತಿಳಿಯಬೇಕು. ಮೋಡೆಮ್ ಹಿಂದಿನ ತೂತಿಗೆ ಇನ್ನೊಂದು ರೂಟರ್ ಸಿಕ್ಕಿಸಿದರೆ ಹೊರಗಿನ ಲೈನಿಗೆ ಏನೂ ಆಗುವುದಿಲ್ಲ. ಸೆಟ್ಟಿಂಗ್ ತಪ್ಪಿದರೆ ಇಂಟರ್‌ನೆಟ್ ಬರುವುದಿಲ್ಲ, ಅಷ್ಟೇ. ಹೊಸ ರೂಟರ್‌ನ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದು ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೆ ಆಗುತ್ತದೆ. ಆದರೆ ಹಳೆಯ ಮೋಡೆಮ್‌ನ ರೀಸೆಟ್ ಗುಂಡಿಯನ್ನು ಮಾತ್ರ ಮುಟ್ಟಬಾರದು. ಒತ್ತಿದರೆ ಅದರೊಳಗೆ ಬರೆದಿಟ್ಟ ಯೂಸರ್ ಐಡಿ, ಪಾಸ್‌ವರ್ಡ್ ಅಳಿಸಿ ಹೋಗಬಹುದು. ಚೀಟಿ ಇಲ್ಲದ ಮನೆಯವರು ಆಗ ನಿಜವಾಗಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಮೋಡೆಮ್ ಯಾವುದು, ರೂಟರ್ ಯಾವುದು ಎಂಬುದೇ ಜನರಿಗೆ ಗೊಂದಲ. ನಾನು ಹೇಳಿಕೊಡುವುದು ಹೀಗೆ. ಗುಡ್ಡದ ನೀರು ದಂಬೆಯಲ್ಲಿ ಬಂದು ಅಂಗಳದ ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಬಚ್ಚಲಿಗೆ, ಅಡುಗೆಮನೆಗೆ, ಕೊಟ್ಟಿಗೆಗೆ ಹಂಚುತ್ತೇವೆ ಅಲ್ವಾ? ಹೊರಗಿನಿಂದ ತಂದು ಹಾಕುವುದು ಮೋಡೆಮ್. ಮನೆಯೊಳಗೆ ಹಂಚುವುದು ರೂಟರ್. ಈಗ ಕಂಪನಿಯವರು ಕೊಡುವ ಡಬ್ಬಿಯಲ್ಲಿ ಬಹಳ ಸಲ ಎರಡೂ ಒಂದರಲ್ಲೇ ಇರುತ್ತವೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ನಮ್ಮ ಮನೆಗೆ ಬಂದಿರುವ ಲೈನು ಯಾವುದೆಂದು ನೋಡಿಕೊಳ್ಳಬೇಕು. ಹಳೆಯ ಲ್ಯಾಂಡ್‌ಲೈನ್ ತಾಮ್ರದ ತಂತಿಯಾದರೆ ಮೋಡೆಮ್‌ಗೆ ಹೋಗುವ ಪಿನ್ನು ಚಿಕ್ಕದು, ಟೆಲಿಫೋನಿನದ್ದೇ. ಜೊತೆಗೆ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಇರುತ್ತದೆ, ಒಂದು ತಂತಿ ಫೋನಿಗೆ, ಒಂದು ಮೋಡೆಮ್‌ಗೆ. ಫೈಬರ್ ಆದರೆ ತೆಳ್ಳಗಿನ ಕೇಬಲ್, ತುದಿಯಲ್ಲಿ ಹೆಚ್ಚಾಗಿ ಹಸಿರು ಪಿನ್ನು. ಆ ಕೇಬಲ್ಲನ್ನು ಮಡಚಬಾರದು, ಪಿನ್ನು ಕಿತ್ತು ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು. ಮಕ್ಕಳಿರುವ ಮನೆಯಲ್ಲಿ ಇದನ್ನು ಯಾರೂ ಹೇಳಿ ಹೋಗುವುದಿಲ್ಲ ಎಂಬುದು ನನಗೆ ದೊಡ್ಡ ಚಿಂತೆ. ಡಬ್ಬಿಯ ಮೇಲೆ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ ಎಂದರ್ಥ. ಆಗ ರೂಟರ್ ಬದಲಿಸಿ ಪ್ರಯೋಜನ ಇಲ್ಲ, ಕಂಪನಿಗೇ ಹೇಳಬೇಕು. ಮೂರನೆಯದು ಪೇಟೆಯಲ್ಲಿ ಕೇಬಲ್ ಆಪರೇಟರ್ ನೇರವಾಗಿ ಎಂಟು ತಂತಿಯ ಲ್ಯಾನ್ ಕೇಬಲ್ ಎಳೆದು ಕೊಡುವುದು. ಅಲ್ಲಿ ಮೋಡೆಮ್ಮೇ ಇರುವುದಿಲ್ಲ.

ಇಲ್ಲಿ ಒಂದು ಮಾತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ವೈಫೈ ರೂಟರ್‌ಗೆ ಟೆಲಿಫೋನ್ ತಂತಿಯನ್ನಾಗಲಿ ಫೈಬರನ್ನಾಗಲಿ ನೇರ ಸಿಕ್ಕಿಸಲು ಬರುವುದಿಲ್ಲ. ‘ಹೊಸದು ತಂದಿದ್ದೇನೆ, ಹಳೆಯದನ್ನು ತೆಗೆದುಬಿಡಿ’ ಎನ್ನುವವರಿಗೆ ಇದನ್ನೇ ಮೊದಲು ಹೇಳುತ್ತೇನೆ. ಎರಡೂ ಇರಬೇಕು.

ಇನ್ನು ಸೇರಿಸುವುದು. ಸುಲಭದ ದಾರಿಗೆ ಯಾವ ಗುಟ್ಟಿನ ಪಾಸ್‌ವರ್ಡೂ ಬೇಡ. ಮೋಡೆಮ್‌ನ ಹಿಂದೆ ‘ಲ್ಯಾನ್’ ಎಂದು ಬರೆದ ತೂತಿಗೆ ಲ್ಯಾನ್ ಕೇಬಲ್ಲಿನ ಒಂದು ತುದಿ. ಹೊಸ ರೂಟರ್‌ನಲ್ಲಿ ‘ವ್ಯಾನ್’ ಅಥವಾ ‘ಇಂಟರ್‌ನೆಟ್’ ಎಂದು ಬರೆದ, ಬಹಳ ಸಲ ಬೇರೆ ಬಣ್ಣದ ತೂತಿಗೆ ಇನ್ನೊಂದು ತುದಿ. ಮೊಬೈಲಿನಲ್ಲಿ ಹೊಸ ರೂಟರ್‌ನ ವೈಫೈ ಹಿಡಿದು, ಅದರ ಅಡಿಯ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಬೇಕು. ಆಗ ಮೊಬೈಲ್ ಡೇಟಾ ಆಫ್ ಮಾಡಿಕೊಳ್ಳಿ. ಇದನ್ನು ಯಾವ ಪುಸ್ತಿಕೆಯೂ ಒತ್ತಿ ಹೇಳುವುದಿಲ್ಲ. ಹೊಸ ರೂಟರ್‌ನಲ್ಲಿ ಇನ್ನೂ ಇಂಟರ್‌ನೆಟ್ ಇಲ್ಲವಲ್ಲ, ಫೋನು ಅದನ್ನು ಬಿಟ್ಟು ತಾನೇ ಸಿಮ್ಮಿಗೆ ಹಾರಿಬಿಡುತ್ತದೆ. ಪೇಜು ತೆರೆಯುವುದಿಲ್ಲ. ರೂಟರ್ ಕೆಟ್ಟಿದೆ ಅಂತ ವಾಪಸ್ ಕಳಿಸಿದವರಿದ್ದಾರೆ. ಪೇಜು ತೆರೆದ ಮೇಲೆ ಲೈನಿನ ವಿಧ ಕೇಳುತ್ತದೆ. ‘ಡೈನಾಮಿಕ್ ಐಪಿ’ ಆರಿಸಿದರೆ ಮೋಡೆಮ್ ಕೊಟ್ಟ ವಿಳಾಸವನ್ನು ರೂಟರ್ ತೆಗೆದುಕೊಳ್ಳುತ್ತದೆ.

ಇದರಲ್ಲೂ ಒಂದು ತೊಡಕು ಬರುತ್ತದೆ. ಮೋಡೆಮ್‌ನ ವಿಳಾಸ 192.168.1.1 ಆಗಿದ್ದು, ಹೊಸ ರೂಟರ್‌ನದ್ದೂ ಅದೇ ಆಗಿದ್ದರೆ ಎರಡೂ ಕಚ್ಚಾಡುತ್ತವೆ. ದೀಪವೆಲ್ಲ ಉರಿಯುತ್ತಿದ್ದರೂ ಇಂಟರ್‌ನೆಟ್ ಬರುವುದಿಲ್ಲ. ಹೊಸದರ ವಿಳಾಸವನ್ನು 192.168.2.1 ಎಂದು ಬದಲಿಸಿದರೆ ಸರಿಯಾಗುತ್ತದೆ. ಈಚಿನ ಹಲವು ರೂಟರ್‌ಗಳು ಇದನ್ನು ತಾವೇ ಗಮನಿಸಿ ಬದಲಿಸಿಕೊಳ್ಳುತ್ತವೆ.

ಹೀಗೆ ಜೋಡಿಸಿದರೆ ಮನೆಯಲ್ಲಿ ಎರಡು ಡಬ್ಬಿಗಳೂ ಫೋನು, ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುತ್ತಿರುತ್ತವೆ. ಯೂಟ್ಯೂಬ್, ವಾಟ್ಸ್‌ಆ್ಯಪ್, ಮಕ್ಕಳ ಪಾಠಕ್ಕೆ ಏನೂ ತೊಂದರೆ ಇಲ್ಲ. ಆದರೆ ತೋಟಕ್ಕೆ ಹಾಕಿದ ಸಿಸಿಟಿವಿಯನ್ನು ಹೊರಗಿನಿಂದ ನೋಡುವುದು, ಮನೆಯಿಂದ ಆಫೀಸಿನ ಜಾಲಕ್ಕೆ ಸೇರಿಸುವ ಕೆಲವು ವಿಪಿಎನ್‌ಗಳು, ಕೆಲವು ಆಟಗಳು ತಕರಾರು ಮಾಡಬಹುದು. ಜಗಲಿಯ ವೈಫೈ ಹಿಡಿದವರಿಗೆ ಉಪ್ಪರಿಗೆಯ ವೈಫೈಗೆ ಸೇರಿಸಿದ ಪ್ರಿಂಟರ್ ಕಾಣಿಸುವುದಿಲ್ಲ.

ಅದಕ್ಕೆ ನಮ್ಮಂಥ ಉದ್ದ ಮನೆಗಳಿಗೆ ನಾನು ಹೇಳುವುದು ‘ಆಕ್ಸೆಸ್ ಪಾಯಿಂಟ್’ ದಾರಿ. ಹಂಚುವ ಕೆಲಸವೆಲ್ಲ ಹಳೆಯ ಮೋಡೆಮ್‌ಗೇ ಇರಲಿ, ಹೊಸ ರೂಟರ್ ಬರೀ ವೈಫೈ ಬೀರುತ್ತಾ ಉಪ್ಪರಿಗೆಯಲ್ಲಿ ಕೂರಲಿ. ಈಗಿನ ಹೆಚ್ಚಿನ ರೂಟರ್‌ಗಳಲ್ಲಿ ‘ಆಪರೇಷನ್ ಮೋಡ್’ ಎಂಬ ಕಡೆ ಇದನ್ನು ಆರಿಸಿ ಸೇವ್ ಮಾಡಿದರೆ ಮುಗಿಯಿತು. ಹಳೆಯ ಮಾದರಿಯಲ್ಲಿ ಆ ಆಯ್ಕೆ ಇಲ್ಲದಿದ್ದರೆ ಕೈಯಲ್ಲೇ ಮಾಡಬಹುದು. ಮೊದಲು ಹೊಸ ರೂಟರ್‌ಗೆ ಮೋಡೆಮ್‌ನ ಸಾಲಿನದ್ದೇ ಆದ, ಮೋಡೆಮ್ ಬೇರೆಯವರಿಗೆ ಹಂಚದ ಒಂದು ನಂಬರು ಕೊಡಬೇಕು. ಆಮೇಲೆ ಅದರಲ್ಲಿ ‘ಡಿಎಚ್‌ಸಿಪಿ’, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಬೇಕು. ಕೊನೆಗೆ ಕೇಬಲ್ಲನ್ನು ವ್ಯಾನ್ ತೂತಿಗೆ ಹಾಕದೆ ಲ್ಯಾನ್ ತೂತಿಗೇ ಹಾಕಬೇಕು. ಈ ಕ್ರಮ ತಪ್ಪಬಾರದು. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದರೆ ಫೋನಿಗೆ ವಿಳಾಸ ಸಿಗದೆ ಆ ಪೇಜಿಗೆ ವಾಪಸ್ ಹೋಗುವುದೇ ಕಷ್ಟ. ನೆರೆಮನೆಯಲ್ಲಿ ಕಡೆಗೆ ಮಾಡಿದ್ದು ಹೀಗೇ. ಜಗಲಿಯಿಂದ ಅಟ್ಟದ ಮೇಲೆ ಲ್ಯಾನ್ ಕೇಬಲ್ ಎಳೆದೆವು. ತಾಮ್ರದ ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತದೆ, ಎಂಥ ಉದ್ದ ಮನೆಗೂ ಸಾಕು. ಆ ಸೊಸೆ ಈಗ ಉಪ್ಪರಿಗೆಯಲ್ಲಿ ಬಾಗಿಲು ಹಾಕಿಕೊಂಡು ನೆಮ್ಮದಿಯಿಂದ ಕೆಲಸ ಮಾಡುತ್ತಾಳೆ.

ಕೇಬಲ್ ಎಳೆಯುವುದು ಬೇಡ, ತಂತಿ ಇಲ್ಲದೆ ವೈಫೈ ಹಿಡಿದು ಮುಂದಕ್ಕೆ ಹಂಚುವ ರಿಪೀಟರ್ ಹಾಕಿದರೆ ಸಾಲದೇ ಎಂದು ಕೇಳುತ್ತಾರೆ. ಜಂಬಿಟ್ಟಿಗೆ ಗೋಡೆಯ ಆಚೆ ಸಿಗ್ನಲ್ಲೇ ಸೊರಗಿರುವಾಗ ರಿಪೀಟರ್ ಹಂಚುವುದೂ ಆ ಸೊರಗಿದ್ದನ್ನೇ. 5 ಗಿಗಾಹರ್ಟ್ಸ್ ಎಂದು ಬರೆದ ವೈಫೈ ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಹಿಂದೆ. ನಮ್ಮ ಮನೆಗಳಿಗೆ ಕೇಬಲ್ಲೇ ಸರಿ.

ಪಾಸ್‌ವರ್ಡ್ ಬೇಕೇ ಬೇಕಾಗುವುದು ಮೂರನೇ ದಾರಿಯಲ್ಲಿ. ಮೋಡೆಮ್ಮನ್ನು ‘ಬ್ರಿಡ್ಜ್ ಮೋಡ್’ಗೆ ಹಾಕಿ, ಕಂಪನಿಯ ಜೊತೆ ಸಂಪರ್ಕ ಸಾಧಿಸುವ ಕೆಲಸವನ್ನೂ ಹೊಸ ರೂಟರ್‌ಗೇ ಕೊಡುವುದು. ಆಗ ರೂಟರ್‌ನಲ್ಲಿ ‘ಪಿಪಿಪಿಒಇ’ (ಐಡಿ, ಪಾಸ್‌ವರ್ಡ್ ಕೊಟ್ಟು ಕಂಪನಿಗೆ ಸೇರುವ ಬಗೆ) ಆರಿಸಿ ಲೈನಿನ ಯೂಸರ್ ಐಡಿ, ಪಾಸ್‌ವರ್ಡ್ ತುಂಬಬೇಕು. ಕೆಲವು ಫೈಬರ್ ಲೈನುಗಳಿಗೆ ಕಂಪನಿ ಗೊತ್ತುಮಾಡಿದ ‘ವಿಲ್ಯಾನ್’ ನಂಬರೂ ಬೇಕು. ಹಳೆಯ ಮೋಡೆಮ್ ಬಿಸಿಯಾಗಿ ಪದೇ ಪದೇ ನಿಂತುಹೋಗುವ ಮನೆಯವರಿಗೆ, ಕ್ಯಾಮೆರಾ ಹಾಕಿಸಿದವರಿಗೆ ಈ ದಾರಿಯೇ ಒಳ್ಳೆಯದು. ಕಂಪನಿಯ ಡಬ್ಬಿಯೇ ಸುಟ್ಟುಹೋಗಿ ಬೇರೆ ಮೋಡೆಮ್ ಹಾಕಬೇಕಾದಾಗಲೂ ಇದೇ ವಿವರ ಬೇಕು. ತಿಂಗಳು ತಿಂಗಳು ಬಿಲ್ ಕಟ್ಟುವವರು ನಾವು, ಆ ಲೈನು ನಮ್ಮ ಹೆಸರಿನಲ್ಲಿದೆ. ಅದರ ಪಾಸ್‌ವರ್ಡ್ ಮಾತ್ರ ಕೆಲಸ ಬಿಟ್ಟು ಹೋದ ಯಾವುದೋ ಹುಡುಗನ ಫೋನಿನಲ್ಲಿ. ಇದು ಸರಿಯಾ?

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ಕಂಬ ಹತ್ತುವವರು ಅವರು. ನನ್ನ ಬಳಿ ಕಲಿತವರೂ ಅದರಲ್ಲಿದ್ದಾರೆ. ಬರೆದುಕೊಡಿ ಎಂದು ಕಂಪನಿಯವರು ಹೇಳಿದರೆ ಅವರು ಖಂಡಿತ ಬರೆದುಕೊಡುತ್ತಾರೆ. ಒಂದು ನಿಮಿಷದ ಕೆಲಸ.

ನಮ್ಮ ಕಡೆಗೆ ಬಹಳ ಮುಖ್ಯವಾದ ಇನ್ನೊಂದು ವಿಷಯ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಟೆಲಿಫೋನ್ ತಂತಿಯಲ್ಲಿ ಬಂದ ಹೊಡೆತಕ್ಕೆ ಸುಟ್ಟ ಮೋಡೆಮ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಂತ ಭಯ ಇಲ್ಲ ಎಂದುಕೊಳ್ಳಬೇಡಿ. ಕೆಲವು ಫೈಬರ್ ಕೇಬಲ್‌ಗಳಲ್ಲಿ ಗಟ್ಟಿ ಇರಲೆಂದು ಉಕ್ಕಿನ ತಂತಿ ಸೇರಿಸಿರುತ್ತಾರೆ. ಅಡಾಪ್ಟರ್ ಹೇಗೂ ಮನೆಯ ಕರೆಂಟಿಗೆ ಸೇರಿದೆ. ಜಗಲಿಯಿಂದ ಉಪ್ಪರಿಗೆಗೆ ಎಳೆದ ಲ್ಯಾನ್ ಕೇಬಲ್ ತಾಮ್ರದ್ದು, ಒಂದು ಡಬ್ಬಿಗೆ ಬಿದ್ದ ಹೊಡೆತ ಇನ್ನೊಂದಕ್ಕೂ ಹೋಗಬಹುದು. ಎರಡು ಡಬ್ಬಿ ಜೋಡಿಸಿದವರು ಮೋಡ ಕಟ್ಟುತ್ತಿದ್ದಂತೆ ಎರಡರ ಪ್ಲಗ್ಗನ್ನೂ ಕೀಳಬೇಕು, ಫೋನಿನ ತಂತಿಯನ್ನೂ ಬಿಡಿಸಿಡಬೇಕು. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ಶುರುವಾದ ಮೇಲೆ ತಂತಿಗೆ ಕೈ ಹಾಕಲೂ ಹೋಗಬೇಡಿ. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಗೋದಾಮಿಗೋ ಬಯಲಿನಲ್ಲಿ ಲ್ಯಾನ್ ಕೇಬಲ್ ಎಳೆಯುವುದಂತೂ ಬೇಡವೇ ಬೇಡ.

ಪ್ಲಗ್ ಕಿತ್ತು ಮತ್ತೆ ಹಾಕುವಾಗ ಅಡಾಪ್ಟರ್ ಅದಲು ಬದಲಾಗುತ್ತದೆ. ಒಂದು 12 ವೋಲ್ಟಿನದ್ದು, ಇನ್ನೊಂದು 9 ವೋಲ್ಟಿನದ್ದು ಇರಬಹುದು, ಪಿನ್ನು ನೋಡಲು ಒಂದೇ ಥರ. 9 ವೋಲ್ಟಿನ ಡಬ್ಬಿಗೆ 12 ಹಾಕಿದರೆ ಸುಡುವ ಸಂಭವ ಇದೆ. ಅಡಾಪ್ಟರ್‌ಗೂ ಅದರ ಡಬ್ಬಿಗೂ ಒಂದೇ ಬಣ್ಣದ ಟೇಪು ಸುತ್ತಿಬಿಡಿ.

ಹೊಸ ರೂಟರ್ ಹಾಕಿದರೂ ಸ್ಪೀಡ್ ಬಂದಿಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಆ ತೂತುಗಳು. ಅಗ್ಗದ ರೂಟರ್‌ಗಳ ಲ್ಯಾನ್ ತೂತು 100 ಎಂಬಿಪಿಎಸ್‌ಗೆ ನಿಲ್ಲುತ್ತದೆ. 200ರ ಪ್ಲಾನ್ ಹಾಕಿಸಿಕೊಂಡು ಇಂಥ ರೂಟರ್ ತಂದರೆ ಅರ್ಧ ದುಡ್ಡು ಸುಮ್ನೆ ಹೋಗುತ್ತದೆ. ಕೇಬಲ್ಲಿನ ಎಂಟು ತಂತಿಯಲ್ಲಿ ಒಂದು ಬಿಟ್ಟುಕೊಂಡರೂ ಇದೇ ಕತೆ ಆಗಬಹುದು. ಕೊಳ್ಳುವಾಗ ‘ಗಿಗಾಬಿಟ್’ ಎಂದು ಬರೆದದ್ದನ್ನು ಕೇಳಿ. ಕೇಂದ್ರ ಸರ್ಕಾರದ 2004ರ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 256 ಕೆಬಿಪಿಎಸ್ ಇತ್ತು, 2023ರಿಂದ ಅದು 2 ಎಂಬಿಪಿಎಸ್. ಲೈನಿನ ಲೆಕ್ಕ ಇಷ್ಟು ಬದಲಾದರೂ ಎಷ್ಟೋ ಜಗಲಿಗಳಲ್ಲಿ ಇರುವುದು ಆ ಹಳೆಯ ಕಾಲದ ಡಬ್ಬಿಯೇ.

ಕೇಬಲ್ ಆಪರೇಟರ್‌ಗಳ ಲೈನಿನಲ್ಲಿ ಕೆಲವರು ಹಳೆಯ ರೂಟರ್‌ನ ‘ಮ್ಯಾಕ್’ ನಂಬರಿಗೆ, ಅಂದರೆ ಆ ಡಬ್ಬಿಯದ್ದೇ ಆದ ಗುರುತಿನ ನಂಬರಿಗೆ, ಲೈನನ್ನು ಕಟ್ಟಿಟ್ಟಿರುತ್ತಾರೆ. ಹೊಸದು ಹಾಕಿದರೆ ಬರುವುದೇ ಇಲ್ಲ. ಆಪರೇಟರ್‌ಗೆ ಹೊಸ ನಂಬರು ಹೇಳಬೇಕು, ಇಲ್ಲವೇ ರೂಟರ್‌ನಲ್ಲಿ ‘ಮ್ಯಾಕ್ ಕ್ಲೋನ್’ ಬಳಸಿ ಹಳೆಯ ನಂಬರನ್ನೇ ಹಾಕಬೇಕು. ಇದೂ ಆ ಚೀಟಿಯಲ್ಲಿ ಇರಬೇಕಾದ ಮಾತು.

ಚೀಟಿ ಕೈಗೆ ಬಂದ ಮೇಲೆ ಒಳಗೆ ಹೋಗುವ ಪಾಸ್‌ವರ್ಡ್ ‘ಅಡ್ಮಿನ್’ ಎಂದೇ ಇದ್ದರೆ ಬದಲಿಸಿ, ಹೊಸದನ್ನು ಅದೇ ಚೀಟಿಯಲ್ಲಿ ಬರೆದಿಡಿ. ವೈಫೈಗೆ ಮನೆಯ ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಬೇಡಿ. ಊರಿಗೆಲ್ಲ ಗೊತ್ತಿರುವುದೇ ಅದು.

ಕಂಪನಿ ವಿವರ ಕೊಡಲು ಒಪ್ಪದಿದ್ದರೆ ಏನು ಮಾಡಬೇಕು ಎಂದು ಕೇಳುವವರಿಗೆ: ಬಾಯಿಮಾತಿನಲ್ಲಿ ಬಿಡಬೇಡಿ. ಕಂಪನಿಯ ದೂರು ಕೇಂದ್ರಕ್ಕೆ ಫೋನ್ ಮಾಡಿ, ಡಾಕೆಟ್ ನಂಬರು, ಅಂದರೆ ದೂರಿನ ನೋಂದಣಿ ಸಂಖ್ಯೆ, ಕೇಳಿ ಬರೆದುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ದೂರಿಗೂ ಆ ನಂಬರು ಕೊಡಲೇಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ. ನೆರೆಮನೆಯವರು ಡಾಕೆಟ್ ನಂಬರು ಪಡೆದು ಮತ್ತೆ ಕೇಳಿದ ಮೇಲೆಯೇ ಅವರ ಯೂಸರ್ ಐಡಿ, ಪಾಸ್‌ವರ್ಡ್ ಮೊಬೈಲಿಗೆ ಬಂತು. ಕೆಲಸ ಬಿಟ್ಟ ಹುಡುಗನ ಹತ್ತಿರ ಮಾತ್ರ ಇದೆ ಎಂದಿದ್ದ ವಿವರ ಆಫೀಸಿನಲ್ಲೇ ಇತ್ತು.

ಸಂಪಾದಕರೇ, ಸೇವೆ ಕೊಡುವ ಎಲ್ಲ ಕಂಪನಿಗಳೂ ಹೊಸ ಲೈನಿನ ಜೊತೆ ಈ ವಿವರಗಳಿರುವ ಒಂದು ಹಾಳೆಯನ್ನು ಕನ್ನಡದಲ್ಲಿ ಕೊಡುವಂತೆ ನಿಮ್ಮ ಪತ್ರಿಕೆ ಒತ್ತಾಯಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅದರ ಜೊತೆಗೆ ಮೋಡೆಮ್‌ಗೆ ರೂಟರ್ ಜೋಡಿಸುವ ಬಗೆಯನ್ನು ಚಿತ್ರ ಸಮೇತ ಅರ್ಧ ಪುಟದಲ್ಲಿ ನೀವೇ ಪ್ರಕಟಿಸಿದರೆ ಇನ್ನೂ ಒಳ್ಳೆಯದು. ಯಾವ ತೂತಿಗೆ ಯಾವ ತಂತಿ ಎಂಬುದು ಚಿತ್ರದಲ್ಲಿ ಬೇಗ ತಿಳಿಯುತ್ತದೆ. ಚಿತ್ರ ಬರೆದು, ಬರಹ ಸಿದ್ಧ ಮಾಡಿ ಕಳಿಸಲು ನಾನು ತಯಾರಿದ್ದೇನೆ, ಸಂಭಾವನೆ ಬೇಡ. ಬೇಸಿಗೆಯ ಗುಡುಗು ಮಳೆ ಶುರುವಾಗುವ ಮುಂಚೆ ಅದು ಬಂದರೆ ನಮ್ಮ ಕಡೆಯವರಿಗೆ ಅನುಕೂಲ.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ನಿವೃತ್ತ ವಿಜ್ಞಾನ ಶಿಕ್ಷಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ